ಮೇಲಿನ ಸೈಟು, ಕೆಳಗಿನ ಬೀದಿ

ಮೊನ್ನೆ ರಾತ್ರಿ ಒಂದೂವರೆ ಗಂಟೆ ಹೊಯ್ದ ಮಳೆಗೆ ನಮ್ಮ ಬೀದಿಯಲ್ಲಿ ಕೆಂಪು ನೀರು ಮೊಣಕಾಲುದ್ದ ಹರೀತು. ಬೆಳಗ್ಗೆ ನೋಡಿದರೆ ಮೂಲೆಮನೆ ಅಜ್ಜಿ ಟೊಮೆಟೊ ಕ್ರೇಟುಗಳನ್ನು ಬೋರಲು ಹಾಕಿ, ಬಾಗಿಲಿಂದ ರಸ್ತೆವರೆಗೆ ದಾರಿ ಮಾಡಿಕೊಂಡು ಹಾಲಿಗೆ ಹೊರಟಿದ್ದರು. ಕೋಲಾರದಲ್ಲಿ ಇನ್ನೇನಿಲ್ಲದಿದ್ದರೂ ಟೊಮೆಟೊ ಕ್ರೇಟಿಗೆ ಬರವಿಲ್ಲ ಬಿಡಿ. ನನ್ನ ನೋಡಿ ನಿಂತು ಕೇಳಿದರು: "ಏನಪ್ಪಾ, ನೀನೂ ಬಿಲ್ಡಿಂಗ್ ಕೆಲಸದೋನೇ ಅಲ್ವಾ? ಮೇಲೆ ಹಳೇ ಮನೆಗಳಿದ್ದಾಗ್ಲೂ ಮಳೆ ಬರ್ತಿತ್ತು. ಇಷ್ಟು ನೀರು ಈಗೆಲ್ಲಿಂದ ಬಂತು?"

ಹದಿನೈದು ವರ್ಷದಿಂದ ಸೈಟ್ ಸೂಪರ್‌ವೈಸರ್ ಆಗಿದೀನಿ. ಇಷ್ಟು ನೇರವಾಗಿ ಈ ಪ್ರಶ್ನೆಯನ್ನ ಒಬ್ಬ ಇಂಜಿನಿಯರೂ ಕೇಳಿದ್ದು ನೆನಪಿಲ್ಲ.

ನಮ್ಮ ಬೀದಿಗಿಂತ ಎತ್ತರದಲ್ಲಿ ಎರಡು ಎಕರೆ ಜಾಗದಲ್ಲಿ ಹಳೇ ಸಾಲುಮನೆಗಳಿದ್ದವು. ಸೋರುವ ಹೆಂಚು, ಬಿರುಕು ಬಿಟ್ಟ ಗೋಡೆ. ಅವನ್ನು ಕೆಡವಿ ಅಲ್ಲಿದ್ದವರಿಗೇ ಮೂರಂತಸ್ತಿನ ಮನೆ ಕಟ್ಟಿಕೊಡ್ತಿದಾರೆ. ಅದಕ್ಕೆ ನನ್ನ ತಕರಾರಿಲ್ಲ, ಆ ಜನ ಅಷ್ಟು ವರ್ಷ ಪಟ್ಟ ಪಾಡು ಸಾಕು. ಆದರೆ ಆ ಮನೆಗಳಿಗೆ ಹಿತ್ತಲಿತ್ತು. ಬಚ್ಚಲ ಹಿಂದೆ ಬಾಳೆ, ಬೇಲಿಗೆ ನುಗ್ಗೆ, ನಡುವೆ ಎರಡು ದೊಡ್ಡ ಹೊಂಗೆಮರ. ಸೂರಿನ ನೀರು ಬಾಳೆ ಪಾತಿಗೆ ಇಳಿದು, ಅಲ್ಲಿ ತುಂಬಿದ ಮೇಲೆ ಮುಂದಿನ ಪಾತಿಗೆ ಹೋಗೋದು. ಕೆಳಗೆ ಬರೋಷ್ಟರಲ್ಲಿ ಮಳೆಯೇ ನಿಂತಿರೋದು. ಈಗ ಜೆಸಿಬಿ ಅದನ್ನೆಲ್ಲ ಹೆರೆದು ಮಟ್ಟ ಮಾಡಿದೆ. ಟಿಪ್ಪರ್, ಕಾಂಕ್ರೀಟ್ ಲಾರಿ ಓಡಾಡಿ ಆ ಕೆಮ್ಮಣ್ಣು ರಾಗಿ ಕಣದ ಹಾಗೆ ಗಟ್ಟಿಯಾಗಿದೆ, ಸಗಣಿ ಸಾರಿಸೋದೊಂದು ಬಾಕಿ. ಇನ್ನೂ ಒಂದು ಚದರ ಅಡಿ ಸಿಮೆಂಟ್ ರಸ್ತೆ ಬಿದ್ದಿಲ್ಲ, ಆಗಲೇ ನೀರು ಇಂಗೋದು ನಿಂತುಹೋಗಿದೆ.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆ ಅಂದರೆ 4,047 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ ಆ ಎರಡು ಎಕರೆ ಮೇಲೆ ಬೀಳೋದು ನಾಲ್ಕು ಲಕ್ಷ ಲೀಟರ್, ಐದು ಸಾವಿರ ಲೀಟರಿನ ಎಂಬತ್ತು ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಮೂರು ದಿನ ಫೋನ್ ಮಾಡೋ ಊರು ಇದು! ಎಂಬತ್ತು ಟ್ಯಾಂಕರ್ ವಾಲ್ವ್ ಒಟ್ಟಿಗೆ ತೆಗೆದರೆ ಎರಡಡಿ ಮೋರಿ ಏನು ಮಾಡುತ್ತೆ?

ಅದೂ ಬರೀ ನೀರಲ್ಲ. ಪಾಯದಿಂದ ತೆಗೆದ ಮಣ್ಣನ್ನು ಸೈಟಿನ ಅಂಚಿಗೇ ಗುಡ್ಡೆ ಹಾಕಿದಾರೆ, ಮೇಲೊಂದು ಟಾರ್ಪಾಲು ಸಹ ಇಲ್ಲ. ಅರ್ಧ ಗುಡ್ಡೆ ಈಗ ನಮ್ಮ ಮೋರಿಯಲ್ಲಿದೆ. ನಾನೇ ಸಲಿಕೆ ಹಾಕಿ ನೋಡಿದೆ, ಒಂದಡಿಗೂ ಹೆಚ್ಚು ಹೂಳು. ಕೆಡವಿದ ಇಟ್ಟಿಗೆ ಚೂರು, ಗಾರೆ, ಒಂದು ಕಡೆ ಯಾವುದೋ ಮಗುವಿನ ಚಪ್ಪಲಿ. ಕಟ್ಟಡ ತ್ಯಾಜ್ಯದಿಂದ ಚರಂಡಿಗೆ ಅಡ್ಡಿಯಾಗಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿತ್ತು. ನಿಯಮ ಕಾಗದದಲ್ಲಿದೆ, ಮಣ್ಣು ಮೋರಿಯಲ್ಲಿದೆ.

"ಕೊನೇಲಿ ಇಂಗುಗುಂಡಿ ಮಾಡ್ತೀವಿ, ಪ್ಲಾನಲ್ಲಿದೆ" ಅಂತ ಸೈಟಿನವರು ಹೇಳ್ತಾರೆ. ಇಲ್ಲಿ ನನ್ನದೇ ತಪ್ಪೊಂದನ್ನ ಒಪ್ಪಿಕೊಳ್ಳಬೇಕು. ಹಿಂದೊಂದು ಕೆಲಸದಲ್ಲಿ, ಬುದ್ಧಿವಂತ ಅನ್ನಿಸಿಕೊಳ್ಳೋಕೆ ನಾನು ಇಂಗುಗುಂಡಿಯನ್ನ ಮೊದಲೇ ಮಾಡಿಸಿದ್ದೆ. ಬೋಲ್ಡರ್, ಜಲ್ಲಿ, ಮರಳು ಎಲ್ಲ ಕ್ರಮವಾಗಿ ತುಂಬಿಸಿದ್ದೆ. ಒಂದೇ ಮಳೆಗಾಲದಲ್ಲಿ ಸೈಟಿನ ಕೆಸರು, ಕಾಂಕ್ರೀಟ್ ಮಿಕ್ಸರ್ ತೊಳೆದ ಸಿಮೆಂಟ್ ನೀರು ಅದರೊಳಗೆ ಹೋಗಿ ಹಪ್ಪಳದ ಹಾಗೆ ಕಟ್ಟಿಕೊಂಡಿತು. ಮೇಲೆ ನೀರು ನಿಂತು ಸೊಳ್ಳೆ ಸಾಕಿದ್ದಷ್ಟೇ ಲಾಭ. ಹಾಗಂತ ಗುಂಡಿಯ ಯೋಚನೆಯನ್ನೇ ಕೊನೆಗೆ ಬಿಟ್ಟರೆ, ಅಷ್ಟರಲ್ಲಿ ಆ ಜಾಗದ ಮೇಲೆ ಸಾವಿರ ಸಲ ಲಾರಿ ಹತ್ತಿರುತ್ತೆ. ಆದ್ದರಿಂದ ಮಾಡಬೇಕಾದ್ದು ಇದು: ಜಾಗ ಮೊದಲ ದಿನವೇ ಗುರುತಿಸಿ ಬೇಲಿ ಹಾಕಬೇಕು, ಗಾಡಿ ಹತ್ತಿಸಬಾರದು, ಗುಂಡಿಯನ್ನ ಮಾತ್ರ ಮಣ್ಣಿನ ಕೆಲಸ ಮುಗಿದ ಮೇಲೆ ತೆಗೀಬೇಕು. ಅಲ್ಲಿವರೆಗೆ ನೀರು ಹೊರಗೆ ಹೋಗೋ ಕಡೆ ಒಂದು ಹೊಂಡ ತೋಡಿ ಕೆಸರು ತಳಕ್ಕೆ ಇಳಿಯೋಕೆ ಬಿಡಬೇಕು, ವಾರಕ್ಕೊಮ್ಮೆ ಎತ್ತಿಸಬೇಕು. ಜೆಸಿಬಿ ಹೇಗೂ ಅಲ್ಲೇ ನಿಂತಿರುತ್ತಲ್ಲ.

ಇನ್ನು, ನಮ್ಮೂರ ನೆಲದಲ್ಲಿ ಎಲ್ಲ ಕಡೆ ನೀರು ಇಂಗಲ್ಲ. ಎಷ್ಟೋ ಕಡೆ ನಾಲ್ಕಡಿ ಕೆಳಗೆ ಬಂಡೆ. ಮೂರಡಿ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ, ಬೆಳಗ್ಗೆ ಹೋಗಿ ನೋಡಿದರೆ ಗೊತ್ತಾಗುತ್ತೆ. ಇಂಗದಿದ್ದರೆ ನೀರನ್ನ ತಡೆದು ನಿಲ್ಲಿಸಿ, ನಿಧಾನಕ್ಕೆ ಹೊರಗೆ ಬಿಡಬೇಕು. ಇದನ್ನ ಕೋಲಾರದವರಿಗೆ ಯಾರಾದರೂ ಹೇಳಿಕೊಡಬೇಕಾ? ಕೆರೆಗೆ ಏರಿ, ನೀರು ಬೇಕಾದಷ್ಟೇ ಬಿಡೋಕೆ ತೂಬು, ತುಂಬಿ ಹೆಚ್ಚಾದದ್ದು ಹರಿಯೋಕೆ ಕೋಡಿ ಮೂರೂ ಇಟ್ಟವರು ನಮ್ಮ ಹಿರಿಯರು. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದ್ದು ಇನ್ನೊಂದಕ್ಕೆ. ಸೈಟಿನ ತಗ್ಗು ಮೂಲೆಯಲ್ಲೂ ಒಂದು ಕುಂಟೆ, ಅಂದರೆ ಪುಟ್ಟ ಕೆರೆ, ಮಾಡಿ. ತಳದಲ್ಲಿ ಸಣ್ಣ ಪೈಪು ಅದರ ತೂಬು, ಮೇಲೊಂದು ಕಲ್ಲು ಹಾಸಿದ ಕೋಡಿ. ಒಂದು ಗಂಟೆಯಲ್ಲಿ ನುಗ್ಗೋ ನೀರು ಏಳೆಂಟು ಗಂಟೆಯಲ್ಲಿ ಇಳಿದು ಹೋಗುತ್ತೆ. ಅದೇ ಮೋರಿ, ಅದೇ ಬೀದಿ, ಅಜ್ಜಿಗೆ ಕ್ರೇಟು ಬೇಕಾಗಲ್ಲ.

ದಯವಿಟ್ಟು ತಾರಸಿ ಪೈಪನ್ನ ಯುಜಿಡಿ (ಒಳಚರಂಡಿ) ಚೇಂಬರಿಗೆ ಮಾತ್ರ ಬಿಡಬೇಡಿ. ಪ್ಲಂಬರಿಗೆ ಅದು ಹತ್ತಿರ, ಸುಲಭ. ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಎದ್ದು ಹೊಲಸೆಲ್ಲ ಬರೋದು ಕೆಳಗಿನವರ ಅಡುಗೆಮನೆಗೆ.

ಒಂದು ವಿಷಯ ನೆನಸಿಕೊಂಡರೆ ನಗು ಬರುತ್ತೆ, ಸಿಟ್ಟೂ ಬರುತ್ತೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ, ಪಂಪ್ ಹಾಕಿ ಎತ್ತಿ ನಮ್ಮ ಕೆರೆಗಳಿಗೆ ತರ್ತಿದಾರೆ. ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಜಾತ್ರೆ ಥರ ನೋಡೋಕೆ ಹೋಗಿದ್ದರು, ನಾನೂ ಹೋಗಿದ್ದೆ. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಪಕ್ಕದೂರಿನ ಬಚ್ಚಲ ನೀರಿಗೆ ಇಷ್ಟು ಹೋರಾಟ, ತಲೆ ಮೇಲೆ ಬಿದ್ದ ಚೊಕ್ಕ ನೀರನ್ನ ಮಾತ್ರ ಮಣ್ಣು ಕಲಸಿ ಮೋರಿಗೆ ಬಿಡ್ತೀವಿ.

ನಿನ್ನೆ ಸಂಜೆ ಸೈಟಿಗೆ ಹೋಗಿ ಬಂದೆ. ತಗ್ಗು ಮೂಲೆಯಲ್ಲಿ, ನಾನು ಕುಂಟೆ ಅಂದುಕೊಂಡಿದ್ದ ಜಾಗದಲ್ಲೇ, ಹೊಸದಾಗಿ ಸುಣ್ಣದ ಗೆರೆ ಎಳೆದಿದ್ದರು. ಖುಷಿಯಾಗಿ ಅಲ್ಲಿದ್ದ ಮೇಸ್ತ್ರಿಯನ್ನ ಕೇಳಿದೆ, "ಇದೇನಣ್ಣ, ನೀರಿಗಾ?"

"ಇಲ್ಲ ಸಾರ್, ಜನರೇಟರ್ ರೂಮು," ಅಂದ. ಅವನ ಬೂಟು ಆಗಲೇ ಕೆಸರಲ್ಲಿ ಅರ್ಧ ಹೂತಿತ್ತು.