ಲೈನ್ ಹೋಯ್ತು, ಲೈನ್ ಬಂತು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ, ಜಡಿಮಳೆಯ ಒಂದು ಬೆಳಗ್ಗೆ, ಯಾವುದೋ ಕಾಫಿ ತೋಟದ ರೈಟರು, ಅಂದರೆ ಲೆಕ್ಕ ಬರೆಯುವವರು, ಫೋನಿನಲ್ಲಿ ಕೂಗುತ್ತಿದ್ದರು: "ಸಾರ್, ಲೈನ್ ಹತ್ರ ಲೈನ್ ಮೇಲೆ ಮರ ಬಿದ್ದಿದೆ. ರಾತ್ರಿಯಿಂದ ಲೈನ್ ಇಲ್ಲ. ಲೈನ್‌ಮನ್‌ಗೆ ಫೋನ್ ಮಾಡಿದ್ರೆ ಲೈನೇ ಸಿಗ್ತಿಲ್ಲ!" ಒಂದೇ ಉಸಿರಿಗೆ ಐದು ಲೈನು. ಅಕ್ಕಪಕ್ಕದಲ್ಲಿ ಕಡುಬು ತಿನ್ನುತ್ತಿದ್ದವರು ಯಾರೂ ತಲೆ ಎತ್ತಲಿಲ್ಲ, ಎಲ್ಲರಿಗೂ ಎಲ್ಲವೂ ಅರ್ಥವಾಗಿತ್ತು. ಲಂಡನ್ನಿನಿಂದ ಪ್ರೊಫೆಸರನ್ನು ಕರೆಸಿ ಅಲ್ಲಿ ಕೂರಿಸಿದ್ದರೆ ಅವರೊಬ್ಬರಿಗೆ ಮಾತ್ರ ದುಭಾಷಿ ಬೇಕಾಗುತ್ತಿತ್ತು.

ನೆಟ್ಟಗಿನ ಗೆರೆ ಅನ್ನುವುದೇ ಇಲ್ಲದ ಸೀಮೆ ನಮ್ಮದು. ಚಾರ್ಮಾಡಿ ರಸ್ತೆ ಸೊಟ್ಟ, ಹೇಮಾವತಿ ಸೊಟ್ಟ, ಗದ್ದೆಯ ಬದು ಸೊಟ್ಟ, ಪಕ್ಕದ ತೋಟದವರು ಹಾಕಿದ ಬೇಲಿಯಂತೂ ಪ್ರತಿ ವರ್ಷ ನಮ್ಮ ಕಡೆಗೇ ಸೊಟ್ಟ. ಇಂಥ ಜಾಗದಲ್ಲಿ ಬಂದು ಬೇರು ಬಿಟ್ಟ ಇಂಗ್ಲಿಷ್ ಪದ ಅಂದರೆ ಲೈನು.

ರೈಟರು ಹೇಳಿದ ಮೊದಲನೇ ಲೈನು ಲೈನ್ ಮನೆ. ಬ್ರಿಟಿಷರ ದಂಡಿನಲ್ಲಿ ಸಿಪಾಯಿಗಳ ಸಾಲುಮನೆಗಳಿಗೆ ಲೈನ್ಸ್ ಅನ್ನುತ್ತಿದ್ದರು, ಊರೂರಿನ ಪೊಲೀಸ್ ಲೈನು ಅದರದೇ ಪಳೆಯುಳಿಕೆ. ದೊರೆಗಳು ಕಾಫಿ ಹಾಕಲು ಘಟ್ಟಕ್ಕೆ ಬಂದಾಗ ಆಳುಗಳ ಮನೆಗೂ ಅದೇ ಹೆಸರು ಬಿತ್ತು. ಒಂದೇ ಸೂರು, ಉದ್ದಕ್ಕೂ ಒಂದೇ ಜಗಲಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಂದನೇ ಮನೆಯಲ್ಲಿ ಒಣಮೆಣಸು ಹುರಿದರೆ ಆರನೇ ಮನೆಯವರು ಸೀನುತ್ತಾರೆ. ಮೂರನೇ ಮನೆಯ ಜಗಳಕ್ಕೆ ಎರಡನೇ ಮತ್ತು ನಾಲ್ಕನೇ ಮನೆಯವರು ಗೋಡೆಯಾಚೆಯಿಂದಲೇ ತೀರ್ಪು ಕೊಡುತ್ತಾರೆ. ಕೆಲಸಗಾರರಿಗೆ ಮಾಲೀಕರೇ ಮನೆ ಕೊಡಬೇಕೆಂದು 1951ರ ಪ್ಲಾಂಟೇಷನ್ ಲೇಬರ್ ಆಕ್ಟ್ ಹೇಳಿತು. ಮನೆಯೇನೋ ಬಂತು, ಹೆಸರು ಮಾತ್ರ ಬದಲಾಗಲಿಲ್ಲ. ಮಾಲೀಕರದು ಬಂಗಲೆ, ರೈಟರದು ಕ್ವಾರ್ಟರ್ಸು, ಆಳುಗಳದು ಲೈನು. ಮೂರೇ ಪದದಲ್ಲಿ ತೋಟದ ಜಾತಿಪದ್ಧತಿ ಮುಗಿಯಿತು. "ಲೈನಿನವರು" ಅನ್ನುವಾಗ ದನಿ ಒಂದು ಮೆಟ್ಟಿಲು ಕೆಳಗಿಳಿಯುವುದನ್ನು ಯಾವ ಆಕ್ಟೂ ತಿದ್ದಿಲ್ಲ.

ಪದದ ಬುಡಕ್ಕೆ ಹೋದರೆ ಅಲ್ಲಿ ಒಂದು ಗಿಡವಿದೆ, ಅಗಸೆ ಗಿಡ. ಲ್ಯಾಟಿನ್ನಿನಲ್ಲಿ ಅದು ಲೀನಮ್, ಅದರ ನಾರಿನ ದಾರ ಲೀನಿಯ. ಲಿನನ್ ಬಟ್ಟೆ, ಪೇಂಟಿಗೆ ಬೆರೆಸುವ ಲಿನ್‌ಸೀಡ್ ಎಣ್ಣೆ, ನಮ್ಮ ಲೈನು, ಮೂರೂ ಒಂದೇ ವಂಶದವು. ಈ ಲೆಕ್ಕದಲ್ಲಿ ಗೋಡೆ ಕಟ್ಟುವ ಮೇಸ್ತ್ರಿ "ಲೈನ್ ದಾರ ಎಳಿಯೋ" ಎಂದು ಹುಡುಗನಿಗೆ ಹೇಳಿದರೆ "ದಾರದ ದಾರ ಎಳಿಯೋ" ಅಂದಂತಾಯಿತು. ಇನ್ನೂ ಮಜಾ ಏನೆಂದರೆ, ಕಾಫಿ ಕುಯ್ಲಿಗೆ ಉತ್ತರ ಕರ್ನಾಟಕದಿಂದ ಬರುವ ಆಳುಗಳ ಗಂಟಿನಲ್ಲಿ ಜೋಳದ ರೊಟ್ಟಿಯ ಜೊತೆ ಅಗಸೆ ಚಟ್ನಿಪುಡಿಯ ಡಬ್ಬಿಯೂ ಇರುತ್ತದೆ. ಅವರು ಲೈನ್ ಮನೆಯ ಜಗಲಿಯಲ್ಲಿ ಕೂತು ರೊಟ್ಟಿಗೆ ಆ ಪುಡಿ ಹಚ್ಚಿಕೊಂಡು ತಿನ್ನುತ್ತಾರೆ. ಅಗಸೆಗೂ ಲೈನಿಗೂ ಹೀಗೆ ದಾಯಾದಿ ಭೇಟಿಯಾದದ್ದು ತಿನ್ನುವವರಿಗೂ ಗೊತ್ತಿಲ್ಲ, ತೋಟದವರಿಗೂ ಗೊತ್ತಿಲ್ಲ.

ಎರಡನೇ ಲೈನಿಗೆ ಬರೋಣ, ಮರ ಬಿದ್ದ ಲೈನಿಗೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಮನುಷ್ಯರು ಕ್ಷೇಮಸಮಾಚಾರದ ಬದಲು "ನಿಮ್ಮಲ್ಲಿ ಲೈನ್ ಇದ್ಯಾ?" ಅಂತ ಕೇಳಿಕೊಳ್ಳುತ್ತಾರೆ. ಈ ಪ್ರಶ್ನೆಯಲ್ಲಿ ಲೈನ್ ಅಂದರೆ ಮರ ಬಿದ್ದ ತಂತಿ ಅಲ್ಲ, ತಂತಿಯೊಳಗಿನ ಕರೆಂಟು. ತಂತಿ ಕಣ್ಣೆದುರೇ ಜೋತಾಡುತ್ತಿದ್ದರೂ "ಲೈನ್ ಇಲ್ಲ" ಎನ್ನುತ್ತೇವೆ. ಲೈನ್‌ಮನ್ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಹೇಳಿ ಎಲ್‌ಸಿ ತಗೊಳ್ಳುತ್ತಾರೆ. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಅಲ್ಲಿನವರು ಫೀಡರ್, ಅಂದರೆ ಆ ಕಡೆಗೆ ಕರೆಂಟು ಒಯ್ಯುವ ಲೈನು, ಆಫ್ ಮಾಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಎಲ್‌ಸಿ ಪಡೆದವರು ಕೆಲಸ ಮುಗಿಸಿ ಅದನ್ನು ವಾಪಸ್ ಕೊಡುವ ತನಕ ಲೈನ್ ಚಾರ್ಜ್ ಮಾಡುವಂತಿಲ್ಲ, ಅಂದರೆ ಮತ್ತೆ ಕರೆಂಟು ಬಿಡುವಂತಿಲ್ಲ, ಊರೆಲ್ಲ ಫೋನ್ ಮಾಡಿ ಬೈದರೂ ಮಾಡುವಂತಿಲ್ಲ. ಆ ಎರಡಕ್ಷರದ ಮೇಲೆ ಒಂದು ಜೀವ ನಿಂತಿರುತ್ತದೆ. ಇವರ ಹುದ್ದೆಗೆ ಸರ್ಕಾರಿ ಕಾಗದದಲ್ಲಿ ಈಗ ಪವರ್‌ಮ್ಯಾನ್ ಎಂದು ಹೆಸರು. ನಮ್ಮೂರಿನ ರಸ್ತೆಯಲ್ಲಿ ಹಾಗೆ ಕೂಗಿದರೆ ಅವರೂ ತಿರುಗಿ ನೋಡುವುದಿಲ್ಲ.

ಅದೇ ಲೈನ್ ಕ್ಲಿಯರನ್ನು ಸಕಲೇಶಪುರದ ರೈಲ್ವೆ ಸ್ಟೇಷನ್ನಿನಲ್ಲಿ ಕೇಳಿ ನೋಡಿ. ಅಲ್ಲಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್ ಘಾಟಿ, 57 ಸುರಂಗ. ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಸಿಕ್ಕದೆ ಗಾಡಿ ಹೊರಡುವಂತಿಲ್ಲ. ಅಂದರೆ ರೈಲಿನವರ ಲೈನ್ ಕ್ಲಿಯರ್‌ಗೆ ಅರ್ಥ "ಬಿಡು, ಬರಲಿ", ಕರೆಂಟಿನವರ ಲೈನ್ ಕ್ಲಿಯರ್‌ಗೆ ಅರ್ಥ "ಖಬರ್ದಾರ್, ಬಿಟ್ಟೀಯೆ!" ಒಂದೇ ಮಾತು, ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ಈ ನಡುವೆ ಮದುವೆ ಮಾತುಕತೆಯಲ್ಲೂ "ಹುಡುಗಿ ಕಡೆಯಿಂದ ಲೈನ್ ಕ್ಲಿಯರ್ ಆಯ್ತು" ಅನ್ನುತ್ತಾರೆ. ರೈಲಿನ ಅರ್ಥದಲ್ಲೋ ಕರೆಂಟಿನ ಅರ್ಥದಲ್ಲೋ ಎಂಬುದು ಮದುವೆಯಾದ ಮೇಲೆ ತಿಳಿಯುತ್ತದೆ.

ಮಿಕ್ಕವಕ್ಕೆ ಇಷ್ಟು ವಿಸ್ತಾರ ಬೇಡ. ಬಾಳೆಹೊನ್ನೂರು ಲೈನಿನ ಬಸ್ಸು, ಬಿಸ್ಕತ್ತು-ಸೋಪು ತುಂಬಿದ ವ್ಯಾನಿನ ಸೇಲ್ಸ್ ಹುಡುಗರ "ಇವತ್ತು ಆಲೂರು ಲೈನು", "ಆ ಲೈನಲ್ಲಿ ದುಡ್ಡಿಲ್ಲ ಮಾರಾಯ" ಎಂಬ ಉದ್ಯೋಗ ಸಲಹೆ, ಪೋಲಿ ಮಗ ಕೊನೆಗೂ ಲೈನಿಗೆ ಬಂದದ್ದು. ಕಾಲೇಜು ಹುಡುಗರು ಲೈನ್ ಹೊಡೆಯುವ ವಿಷಯವನ್ನು ನಾನು ಬರೆಯದಿದ್ದರೂ ನೀವು ಆಗಲೇ ನೆನೆದುಕೊಂಡಿರುತ್ತೀರಿ.

ಇಷ್ಟೊಂದು ಲೈನು ತಗೊಂಡೆವಲ್ಲ, ಇಂಗ್ಲಿಷಿನವರ ನುಡಿಗಟ್ಟುಗಳಲ್ಲಿ ಎಷ್ಟು ತಗೊಂಡೆವು? ಹೆಚ್ಚುಕಮ್ಮಿ ಒಂದೂ ಇಲ್ಲ. ಅಲ್ಲಿ ಮೋಸಕ್ಕೆ ಪೂರ್ತಿ ಬಿದ್ದವನು ಗಾಳ, ದಾರ, ಸೀಸದ ಗುಂಡು ಎಲ್ಲವನ್ನೂ ನುಂಗಬೇಕು. ಇಲ್ಲಿ ಗಾಳಕ್ಕೆ ಬಿದ್ದರೆ ಸಾಕು, ದಾರದ ಖರ್ಚು ಉಳಿಯಿತು. ಅಲ್ಲಿ ಹೇಳಿದ ಮಾತು ಕೇಳುವವರು ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುತ್ತಾರೆ. ಇಲ್ಲಿ ಗೆರೆ ದಾಟದಿದ್ದರೆ ಆಯಿತು, ಬೆರಳು ಎಲ್ಲಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ಡೆಡ್‌ಲೈನ್ ಒಂದನ್ನು ತಗೊಂಡೆವು, ಅದರ ವಿಷದ ಹಲ್ಲು ಕಿತ್ತು. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದ ಕೋಟೆಬೇಲಿಯ ಒಳಗಡೆ ಇನ್ನೊಂದು ಸಣ್ಣ ಬೇಲಿ ಇತ್ತು. ಅದನ್ನು ದಾಟಿದ ಕೈದಿಗೆ ಕಾವಲುಗಾರರು ಗುಂಡು ಹೊಡೆಯುತ್ತಿದ್ದರು, ಅದು ಡೆಡ್‌ಲೈನು. ನಮ್ಮಲ್ಲಿ ಅರ್ಜಿಯ ಡೆಡ್‌ಲೈನ್ ಮಾರ್ಚಿಗೆ ಮುಗಿಯುತ್ತದೆ, ಜೂನಿಗೆ ಮುಂದೆ ಹೋಗುತ್ತದೆ, ಸೆಪ್ಟೆಂಬರಿನಲ್ಲಿ ದಂಡ ಕಟ್ಟಿಸಿಕೊಂಡು ತಗೊಳ್ಳುತ್ತಾರೆ. ಯಾರೂ ಸಾಯುವುದಿಲ್ಲ.

ಲೈನ್ ಮನೆಯ ಮಕ್ಕಳಿಗೆ 2020ರಲ್ಲಿ ಇನ್ನೊಂದು ಲೈನು ಗಂಟುಬಿತ್ತು. ಶಾಲೆ ಮುಚ್ಚಿ, ಪಾಠವೆಲ್ಲ ಆನ್‌ಲೈನ್ ಆಯಿತು. ತೋಟದೊಳಗೆ ನೆಟ್‌ವರ್ಕ್ ಎಲ್ಲಿ ಬರಬೇಕು? ಗುಡ್ಡದ ನೆತ್ತಿಗೆ ಹೋಗಿ, ಕೊಡೆ ಬಿಚ್ಚಿಕೊಂಡು, ಅಪ್ಪನ ಫೋನ್ ಹಿಡಿದು ಕೂರಬೇಕು. ಪರಿಚಯದ ಟೀಚರೊಬ್ಬರು ಒಬ್ಬ ಹುಡುಗನನ್ನು ಗದರಿಸಿದರಂತೆ:

"ಯಾಕೋ, ನಿನ್ನೆ ಆನ್‌ಲೈನ್ ಬರ್ಲೇ ಇಲ್ವಲ್ಲ?"

"ಬೆಳಗ್ಗಿಂದ ಲೈನಲ್ಲೇ ಇದ್ದೆ ಮಿಸ್. ಗುಡ್ಡದ ಹತ್ರ ಆನೆ ಇತ್ತು, ಅಮ್ಮ ಹೊರಗೆ ಬಿಡ್ಲಿಲ್ಲ."