ರಸ್ತೆಯಾಚೆಯ ಕೆಂಪು ಕಟ್ಟಡ

ವಿಧಾನಸೌಧವನ್ನು ಇಡಿಯಾಗಿ ಫೋಟೋದಲ್ಲಿ ಹಿಡಿಯಲು ಹೊರಟವರು ಹಿಂದೆ ಹಿಂದೆ ಸರಿಯುತ್ತಾರೆ. ಸರಿದು ಸರಿದು ಕೊನೆಗೆ ಬೆನ್ನು ತಾಗುವುದು ಹೈಕೋರ್ಟಿನ ಬೇಲಿಗೆ. ತಿರುಗಿ ನೋಡುವವರು ಕಡಿಮೆ. ಕೋರ್ಟಿನ ಕಡೆ ಹೆಚ್ಚು ಹೊತ್ತು ನೋಡಬಾರದೆಂಬುದು ನಮ್ಮ ಜನರಿಗೆ ಹಿರಿಯರಿಂದ ಬಂದ ಎಚ್ಚರ.

ನನಗೋ ಹೈಕೋರ್ಟು ಕುಳಿತಿರುವ ಈ ಕೆಂಪು ಕಟ್ಟಡ, ಅಠಾರ ಕಚೇರಿಯ ಮೇಲೇ ಒಲವು. 1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಕಚೇರಿ ಹೂಡಿದ್ದು ಬೆಂಗಳೂರು ಕೋಟೆಯ ಪಕ್ಕದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ. ತೇಗದ ಕಂಬಗಳು, ಬಣ್ಣದ ಕಮಾನುಗಳು, ಅವುಗಳ ಕೆಳಗೆ ಲೆಕ್ಕ ಬರೆಯುವ ಗುಮಾಸ್ತರು. ಕಡತಗಳು ಬೆಳೆದವು, ಅರಮನೆ ಬೆಳೆಯಲಿಲ್ಲ. ಕಮಿಷನರ್ ಬೌರಿಂಗರ ಕಾಲದಲ್ಲಿ, 1864ರಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಗಿ 1868ಕ್ಕೆ ಮುಗಿಯಿತು. ಆಗಿನ ಮುಖ್ಯ ಎಂಜಿನಿಯರ್ ಸ್ಯಾಂಕಿಯವರನ್ನು ಊರು ಇಂದು ಕೆರೆಯ ಹೆಸರಿನಲ್ಲಿ ನೆನೆಯುತ್ತದೆ. ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ‘ಆರ್‌ಬಿಎಎನ್‌ಎಂ’ ಎಂಬ ಶಾಲೆಗಳ ಅಕ್ಷರಗಳಲ್ಲಿ ಅಡಗಿ ಕುಳಿತಿದ್ದಾರೆ. ಕಟ್ಟಡ ಮಾತ್ರ ಇಬ್ಬರ ಹೆಸರನ್ನೂ ಹೊತ್ತುಕೊಳ್ಳಲಿಲ್ಲ. ಒಳಗಿದ್ದ ಹದಿನೆಂಟು ಇಲಾಖೆಗಳ ಲೆಕ್ಕವನ್ನೇ ಹೆಸರಾಗಿಸಿಕೊಂಡಿತು; ಹಿಂದೂಸ್ತಾನಿಯಲ್ಲಿ ‘ಅಠಾರ’ ಎಂದರೆ ಹದಿನೆಂಟು.

ಇಡೀ ಸಂಸ್ಥಾನಕ್ಕೆ ಹದಿನೆಂಟು ಇಲಾಖೆ, ಅಷ್ಟಕ್ಕೂ ಒಂದೇ ಸೂರು! ಅರ್ಜಿ ಹಿಡಿದು ಬಂದ ರೈತನನ್ನು ‘ಇದು ನಮ್ಮಲ್ಲಿ ಬರುವುದಿಲ್ಲ, ಆ ಕಡೆ ಹೋಗಿ’ ಎಂದು ಸಾಗಹಾಕಿದರೂ ಆತ ಅದೇ ಜಗಲಿಯಲ್ಲಿ ನಡೆದರೆ ಸಾಕಿತ್ತು, ಬಿಸಿಲಿಗೆ ಇಳಿಯಬೇಕಿರಲಿಲ್ಲ. 1956ರಲ್ಲಿ ವಿಧಾನಸೌಧ ಎದ್ದಿತು. ಕಡತಗಳು ರಸ್ತೆ ದಾಟಲು ಎಂಬತ್ತೆಂಟು ವರ್ಷ ಹಿಡಿಯಿತು. ಸರ್ಕಾರಿ ಕಡತದ ಮಟ್ಟಿಗೆ ಚುರುಕೆಂದೇ ಹೇಳಬೇಕು. ಆ ಭವ್ಯ ಸೌಧವೂ ಸಾಲದೆ ಬಹುಮಹಡಿ ಕಟ್ಟಡ ಬಂತು, 2005ರಲ್ಲಿ ವಿಕಾಸಸೌಧವೂ ಬಂತು.

ಕೆಂಪು ಕಟ್ಟಡಕ್ಕೆ ಈಗ ಕರಿಕೋಟಿನವರ ಸಂಸಾರ. ದುಂಡು ಕಂಬಗಳ ನೆರಳಿನಲ್ಲಿ ವಕೀಲರು ಕತ್ತಿನ ಬಿಳಿ ಪಟ್ಟಿ ಸರಿಪಡಿಸಿಕೊಳ್ಳುತ್ತ ಓಡುತ್ತಾರೆ. ದೂರದ ಊರಿನ ಕಕ್ಷಿದಾರ ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಇಟ್ಟುಕೊಂಡು ಅವರ ಹಿಂದೆ.

1980ರ ದಶಕದಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಸರ್ಕಾರಕ್ಕೆ ಬಂತು. ಊರಿನವರು ಎದ್ದು ನಿಂತರು, ಹೈಕೋರ್ಟಿನ ಮೆಟ್ಟಿಲೂ ಏರಿದರು. ಉಳಿಸಿಕೊಳ್ಳಬೇಕಾಗಿದ್ದುದು ಆ ಮೆಟ್ಟಿಲನ್ನೇ! ಕಟ್ಟಡವಂತೂ ಉಳಿಯಿತು. ಜಾಗ ಸಾಲದ್ದಕ್ಕೆ ಆಮೇಲೆ ಹಿಂಬದಿಯಲ್ಲಿ ವಿಸ್ತರಣೆ ಕಟ್ಟಿದರು, ಅದಕ್ಕೂ ಇದೇ ಕೆಂಪು ಬಳಿದರು.