ಕುಕ್ಕರನ್ನು ಮನೆಯಲ್ಲೇ ಬಿಟ್ಟು ಹೋಗಿ

ಮೊನ್ನೆ ರಾತ್ರಿ ಕಾಸರಗೋಡು ಸ್ಟೇಷನ್ನಿನಲ್ಲಿ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಇದೆ. ಅಪ್ಪ, ಅಮ್ಮ, ಬೆಳೆದ ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಐದು ಜನಕ್ಕೆ ಹನ್ನೊಂದು ಚೀಲ. ದಿಲ್ಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುವುದು ಎರಡೇ ನಿಮಿಷ. ಎಲ್ಲರೂ ಹತ್ತಿ ಆಯಿತು, ಆ ಅಮ್ಮ ಮಾತ್ರ ಕೆಳಗೆ ನಿಂತು ಒಂದೊಂದೇ ಚೀಲ ಎತ್ತಿ ಬಾಗಿಲಿಗೆ ಕೊಡುತ್ತಿದ್ದರು. ಕೊನೆಯದು ಗೋಣಿಚೀಲ. ಅದರ ಬಾಯಿಂದ ಕುಕ್ಕರಿನ ಹಿಡಿ ಹೊರಗೆ ಇಣುಕುತ್ತಿತ್ತು. ಮೇಲಿನಿಂದ ಮಗ "ಅಮ್ಮಾ, ಬೇಗ ಹತ್ತು, ರೈಲು ಬಿಟ್ಟಿತು" ಎಂದು ಕೂಗುತ್ತಿದ್ದ. ಹೊರಟ ಗಾಡಿಗೆ ಅವರನ್ನು ಯಾರೋ ಕೈಹಿಡಿದು ಎಳೆದುಕೊಂಡರು. ಜಾರಿದ್ದರೆ?

ಪ್ರವಾಸಕ್ಕೆ ಹೊರೆ ಕಡಿಮೆ ಮಾಡಿ ಎಂದು ಪ್ರತಿ ಎಪ್ರಿಲಿನಲ್ಲಿ ನಾನು ಬರೆಯುವುದು ನನ್ನನ್ನು ಓದುವವರಿಗೆ ಗೊತ್ತು. ಈ ಸಲವೂ ಬರೆಯುತ್ತೇನೆ. ನಮ್ಮಲ್ಲಿ ಮಾರ್ಚಿಗೆ ಪರೀಕ್ಷೆ ಮುಗಿದರೆ ಶಾಲೆ ಮತ್ತೆ ತೆರೆಯುವುದು ಜೂನಿಗೆ. ನಡುವಿನ ಎರಡು ತಿಂಗಳಲ್ಲಿ ಬದಿಯಡ್ಕದಿಂದ, ಪೆರ್ಲದಿಂದ, ಕುಂಬಳೆಯಿಂದ ಎಷ್ಟೋ ಕುಟುಂಬಗಳು ದಿಲ್ಲಿ, ಶಿಮ್ಲಾ, ಮನಾಲಿ, ಕಾಶ್ಮೀರ ಎಂದು ಹೊರಡುತ್ತವೆ. ಹೋಗಲೇಬೇಕು, ನೋಡಲೇಬೇಕು. ಆದರೆ ಅಡುಗೆಮನೆಯನ್ನೇ ಕಟ್ಟಿಕೊಂಡು ಹೋದರೆ ಮನೆಯ ಹೆಂಗಸಿಗೆ ಅದು ಯಾವ ಪ್ರವಾಸ? ಒಲೆ ಬದಲಾಯಿತು, ಕೆಲಸ ಅದೇ. ಮೇಲಿಂದ ಹೊರೆ.

ಮೊದಲು ಆ ಕುಕ್ಕರಿನ ವಿಷಯವನ್ನೇ ಹೇಳುತ್ತೇನೆ. ಕುಕ್ಕರ್ ಹೊರಟರೆ ಒಂದೇ ಹೊರಡುವುದಿಲ್ಲ. ಅದರ ಹಿಂದೆ ಇಂಡಕ್ಷನ್ ಒಲೆ, ಐದು ಕಿಲೋ ಕುಚ್ಚಲಕ್ಕಿ, ತೆಂಗಿನೆಣ್ಣೆ, ಸೌಟು, ಬಟ್ಟಲು, ಪಾತ್ರೆ ತಿಕ್ಕುವ ಸೋಪು. ಸುಮಾರು ಹತ್ತು ಕಿಲೋ ಅಲ್ಲೇ ಆಯಿತು. ಹೋದ ಮೇಲಾದರೂ ಉಪಯೋಗಕ್ಕೆ ಬರುತ್ತದೆಯೇ? ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ 2,000 ವ್ಯಾಟ್ ಎಳೆಯುತ್ತದೆ, ಅಂದರೆ ಒಂಬತ್ತು ಆಂಪಿಯರಿನ ಹತ್ತಿರ. ಹೋಟೆಲ್ ರೂಮಿನಲ್ಲಿ ಮಂಚದ ಬದಿಗಿರುವ ಪ್ಲಗ್ಗು 6 ಆಂಪಿಯರಿನದು, ಮೊಬೈಲ್ ಚಾರ್ಜಿಗೆ ಇಟ್ಟದ್ದು. ಒಲೆಯ ದೊಡ್ಡ ಪಿನ್ನನ್ನು ಅಡಾಪ್ಟರ್ ಹಾಕಿ ಅದಕ್ಕೆ ಸಿಕ್ಕಿಸಿದರೆ ಒಂದೋ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಬೀಳುತ್ತದೆ, ಇಲ್ಲವೇ ಪ್ಲಗ್ಗು ಕರಗಿ ವಾಸನೆ ಬರುತ್ತದೆ. ಎರಡನೆಯದು ಆದರೆ ಬೆಂಕಿಯವರೆಗೂ ಹೋಗಬಹುದು. ಹೆಚ್ಚಿನ ಹೋಟೆಲಿನವರು ರೂಮಿನಲ್ಲಿ ಅಡುಗೆ ಬೇಡ ಎನ್ನುವುದು ಇದೇ ಕಾರಣಕ್ಕೆ. ಇನ್ನು ಕುಚ್ಚಲಕ್ಕಿ. ಶಿಮ್ಲಾ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಊರಲ್ಲೇ ಒಂದು ಗಂಟೆ ಹಿಡಿಯುವ ಅಕ್ಕಿ ಅಲ್ಲಿ ತೆರೆದ ಪಾತ್ರೆಯಲ್ಲಿ ಯಾವಾಗ ಬೇಯಬೇಕು? ಅದಕ್ಕೇ ಕುಕ್ಕರ್ ಎನ್ನುತ್ತೀರಿ. ಕುಕ್ಕರ್ ಇಡಲು ಒಲೆ ಬೇಕು, ಒಲೆಗೆ ಪ್ಲಗ್ಗಿಲ್ಲ. ಸುತ್ತಿ ಸುತ್ತಿ ಅಲ್ಲಿಗೇ ಬಂತು.

ಹತ್ತು ದಿನ ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಮಾರಾಯ್ರೆ. ಅಲ್ಲಿ ಬೆಳ್ತಿಗೆ ಅನ್ನ, ದಾಲ್, ರೊಟ್ಟಿ ಎಲ್ಲ ಕಡೆ ಸಿಗುತ್ತದೆ.

"ಮಕ್ಕಳಿಗೆ, ಅಜ್ಜಿಗೆ ಹೊರಗಿನ ಊಟ ಸೇರುವುದಿಲ್ಲ, ಹೊಟ್ಟೆ ಕೆಡುತ್ತದೆ" ಎಂದು ಕೇಳುವವರಿದ್ದಾರೆ. ಅಜ್ಜಿಯ ಮಾತು ಒಪ್ಪುತ್ತೇನೆ. ಆದರೆ ಹೊಟ್ಟೆ ಕೆಡುವುದು ಹೆಚ್ಚಾಗಿ ನೀರಿನಿಂದ, ಹೆಚ್ಚಿಟ್ಟ ಹಣ್ಣಿನಿಂದ, ತೊಳೆಯದ ಕೈಯಿಂದ, ತಣಿದ ಮೇಲೆ ಇಟ್ಟ ಪದಾರ್ಥದಿಂದ. ಎದುರಿನಲ್ಲೇ ಕಾಯಿಸಿಕೊಟ್ಟ ಬಿಸಿ ರೊಟ್ಟಿಯಿಂದ ಅಲ್ಲ. ಅಜ್ಜಿಗೆ ಬೇಕಾದದ್ದು ಒಂದು ಡಬ್ಬಿಯಲ್ಲಿ ಮುಗಿಯುತ್ತದೆ. ಸಣ್ಣ ರವೆಯನ್ನು ಘಮ ಬರುವವರೆಗೆ ಹುರಿದು, ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಚೆನ್ನಾಗಿ ಗರಿಗರಿಯಾದ ಬೇವಿನಸೊಪ್ಪು, ಒಣಮೆಣಸು ಒಗ್ಗರಿಸಿ, ಉಪ್ಪು ಸೇರಿಸಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಬೇವಿನಸೊಪ್ಪಿನಲ್ಲಿ ಪಸೆ ಉಳಿದರೆ ನಾಲ್ಕೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ನೀರುಳ್ಳಿ, ಹಸಿ ತೆಂಗಿನಕಾಯಿ ಬೇಡವೇ ಬೇಡ. ತಿನ್ನುವಾಗ ಮುಚ್ಚಳ ಗಟ್ಟಿ ಕೂರುವ ಸ್ಟೀಲ್ ಡಬ್ಬಿಯಲ್ಲಿ ಒಂದು ಲೋಟ ರವೆಗೆ ಎರಡು ಲೋಟ ಕುದಿಯುವ ನೀರು ಹೊಯ್ದು, ಒಮ್ಮೆ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಉಪ್ಪಿಟ್ಟು ತಯಾರು. ರೂಮಿನ ಕೆಟಲಿನಲ್ಲಿ ನೀರು ಮಾತ್ರ ಕಾಯಿಸಿ. ಅದರಲ್ಲಿ ಹಾಲು ಕಾಯಿಸುವುದು, ರವೆ ಹಾಕಿ ಕಲಕುವುದು ಮಾಡಿದರೆ ತಳ ಹಿಡಿದು ಕೆಟಲು ಹಾಳು. ನಮ್ಮ ನಂತರ ಬರುವವರಿಗೂ ಅದೇ ಕೆಟಲು ಎಂಬ ನೆನಪಿರಲಿ. ಭೇದಿಯಾದರೆ ಕುಡಿಸಲು ಒಂದು ಲೀಟರಿನ ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ. ಅದನ್ನು ಪೂರ್ತಿ ಒಂದು ಲೀಟರಿಗೇ ಕರಗಿಸಬೇಕು, ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜಿನ ಲೆಕ್ಕ ಬೇಡ.

ರೈಲಿನಲ್ಲಿ ಎರಡು ರಾತ್ರಿ. ಅದಕ್ಕೆ ಬುತ್ತಿ ಬೇಕು, ನಿಜ. ಆದರೆ ಒಂದು ರಾತ್ರಿ, ಒಂದು ಬೆಳಗ್ಗೆಗೆ ಸಾಕು. ಬಾಳೆಎಲೆಯನ್ನು ಕೆಂಡದ ಮೇಲೋ ಗ್ಯಾಸಿನ ಸಣ್ಣ ಉರಿಯ ಮೇಲೋ ಹಸಿರು ಬಣ್ಣ ಕಂದುವವರೆಗೆ ಬಾಡಿಸಿ. ಬಾಡಿಸದಿದ್ದರೆ ಮಡಚುವಾಗ ಸೀಳುತ್ತದೆ. ಚಪಾತಿ ಪೂರ್ತಿ ತಣಿದ ಮೇಲೆ ಎಲೆಯಲ್ಲಿ ಸುತ್ತಿ ಬಟ್ಟೆ ಕಟ್ಟಿ. ಬಿಸಿ ಬಿಸಿ ಮುಚ್ಚಿದರೆ ಬೆವರಿದ ನೀರು ಅಡಿಗೆ ಇಳಿದು ಕೆಳಗಿನ ನಾಲ್ಕು ಚಪಾತಿ ಅಂಟಾಗಿ ಬೆಳಗ್ಗೆ ಹುಳಿ ನಾರುತ್ತವೆ. ಜತೆಗೆ ತೆಂಗಿನಕಾಯಿ ಹಾಕದ ಬಟಾಟೆ ಪಲ್ಯ ರಾತ್ರಿಗೆ. ಬೆಳಗ್ಗೆಗೆ ಹುರಿದ ತೆಳು ಅವಲಕ್ಕಿ, ನಾಲ್ವರಿಗೆ ಕಾಲು ಕಿಲೋ ಧಾರಾಳ. ಪುಳಿಯೋಗರೆ ಒಯ್ಯುವುದಾದರೆ ಬೆಳಗ್ಗೆಯೇ ಮುಗಿಸಿ, ಸ್ಲೀಪರ್ ಕೋಚಿನ ಸೆಖೆಯಲ್ಲಿ ಮಧ್ಯಾಹ್ನಕ್ಕೆ ಎಂದು ಉಳಿಸಬೇಡಿ. ಆಮೇಲೆ ದೊಡ್ಡ ಸ್ಟೇಷನ್ನುಗಳಲ್ಲಿ ಪಿಎನ್‌ಆರ್ ನಂಬರ್ ಹಾಕಿ ಐಆರ್‌ಸಿಟಿಸಿಯ ಇ-ಕೇಟರಿಂಗಿನಲ್ಲಿ ಸೀಟಿಗೇ ಊಟ ತರಿಸಬಹುದು. ಭುಸಾವಳದಲ್ಲಿ ಬಾಳೆಹಣ್ಣು ಕೊಳ್ಳಿ, ಅದು ಬಾಳೆಯದೇ ಸೀಮೆ. ತಿಂದ ಎಲೆ ಕಸದ ಡಬ್ಬಿಗೆ ಹೋಯಿತು. ತಿಕ್ಕಲು ಪಾತ್ರೆಯಿಲ್ಲ, ಮರಳಿ ಹೊರಲು ಡಬ್ಬಿಯಿಲ್ಲ.

ಹಲಸಿನ ಹಪ್ಪಳ, ಸಂಡಿಗೆ, ಬಾಳ್ಕಮೆಣಸು ಕಟ್ಟಿಕೊಂಡು ಹೋಗುವವರನ್ನೂ ನೋಡಿದ್ದೇನೆ. ಅದನ್ನು ಕಾಯಿಸುವುದು ಎಲ್ಲಿ? ಹೊರಡುವ ವಾರವೇ ಬಿಸಿಲಿಗೆ ಹಪ್ಪಳ ಒತ್ತುವುದು, ಅದೇ ವಾರ ಮಿಡಿ ಉಪ್ಪಿನಕಾಯಿ, ಅದೇ ವಾರ ಮಾಂಬಳ, ಅದೇ ವಾರ ಪ್ರವಾಸಕ್ಕೆ ಚಕ್ಕುಲಿ. ಒಂದು ಜೀವ ಎಷ್ಟು ಮಾಡಬೇಕು? ಹಪ್ಪಳದ ಕೆಲಸ ಮಾರ್ಚಿಯಲ್ಲಿ ಮುಗಿಯದಿದ್ದರೆ ಬಂದ ಮೇಲೆ ಇಡೀ ಮನೆಯವರು ಕೂತು ಒತ್ತಿ. ಮೇ ತಿಂಗಳ ಮಳೆಗೆ ಹಲಸು ನೀರುಗಟ್ಟುತ್ತದೆ ಎನ್ನುವುದಾದರೆ ಈ ವರ್ಷ ನೂರು ಹಪ್ಪಳ ಕಡಿಮೆಯಾಗಲಿ.

ಬಟ್ಟೆಗೆ ಬರುತ್ತೇನೆ. ಒಬ್ಬರಿಗೆ ಒಂದೇ ಚೀಲ, ಬೆನ್ನಿಗೆ ಹಾಕುವಂಥದ್ದು, 40 ಲೀಟರ್ ಮೀರದ್ದು, ತುಂಬಿದ ಮೇಲೆ ಏಳು ಕಿಲೋ ದಾಟಬಾರದು. ಹತ್ತು ದಿನಕ್ಕೆ ಮೂರು ಜತೆ: ಮೈಮೇಲೆ ಒಂದು, ಚೀಲದಲ್ಲಿ ಎರಡು. ರಾತ್ರಿಗೆ ಒಂದು ಜತೆ, ಒಳಉಡುಪು ನಾಲ್ಕು, ಕಾಲುಚೀಲ ಎರಡು ಜತೆ, ಒಂದು ಸ್ವೆಟರ್, ಗಾಳಿ ಮಳೆ ತಡೆಯುವ ತೆಳು ಜಾಕೆಟ್ ಒಂದು, ಬೈರಾಸು ಒಂದು. ದಪ್ಪ ಟರ್ಕಿ ಟವೆಲ್ ಬೇಡ, ಅದು ಒಣಗುವುದೇ ಇಲ್ಲ. ಜೀನ್ಸ್ ಒಂದೇ ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ, ಬೇಕೆಂದರೆ ಹಾಕಿಕೊಂಡ ಒಂದಿರಲಿ. ಶೂ ಕಾಲಲ್ಲಿ, ಚಪ್ಪಲಿ ಚೀಲದಲ್ಲಿ. ರೋಹ್ತಾಂಗಿನ ಹಿಮಕ್ಕೆ ಬೇಕಾದ ಕೋಟು ಬೂಟು ಮನಾಲಿಯಿಂದ ಹೋಗುವ ದಾರಿಯಲ್ಲೇ ದಿನದ ಬಾಡಿಗೆಗೆ ಸಿಗುತ್ತದೆ, ಇಲ್ಲಿಂದ ಕೊಂಡುಹೋಗಬೇಕಾಗಿಲ್ಲ.

ಮೂರು ಜತೆ ಸಾಲುವುದಿಲ್ಲ ಎನ್ನುವವರು ನಮ್ಮ ಕರಾವಳಿಯ ಲೆಕ್ಕದಲ್ಲಿ ಹೇಳುತ್ತಾರೆ. ಇಲ್ಲಿ ಗಾಳಿಯಲ್ಲೇ ನೀರು, ಒಗೆದದ್ದು ಮರುದಿನವೂ ತಂಡಿ. ಮೇ ತಿಂಗಳ ದಿಲ್ಲಿಯ ಒಣ ಗಾಳಿಯಲ್ಲಿ ಹತ್ತಿ ಅಂಗಿ ನೋಡುತ್ತಿದ್ದ ಹಾಗೆ ಒಣಗುತ್ತದೆ, ಬೆಟ್ಟದ ಬಿಸಿಲಿಗೆ ಅರ್ಧ ದಿನ ಸಾಕು. ಒಗೆದ ಬಟ್ಟೆಯನ್ನು ಒಣ ಬೈರಾಸಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯ ಹಾಗೆ ಸುತ್ತಿ ಎರಡು ಕಡೆಯಿಂದ ಹಿಂಡಿ. ಬಟ್ಟೆಯ ನೀರು ಬೈರಾಸು ಕುಡಿಯುತ್ತದೆ. ಮೂರು ಮೀಟರ್ ನೈಲಾನ್ ಹಗ್ಗ, ಆರು ಪಿನ್ನು, ಅರ್ಧ ಬಾರ್ ಸೋಪು. ಅವರವರ ಬಟ್ಟೆ ಅವರವರೇ ಒಗೆಯುವುದು. ಹತ್ತು ವರ್ಷದ ಮಗುವಿಗೂ ತನ್ನ ಅಂಗಿ ಹಿಂಡಲು ಬರುತ್ತದೆ.

ರೈಲ್ವೆಯವರೇ ಸ್ಲೀಪರಿಗೂ ಎ.ಸಿ. ತ್ರೀ ಟಯರಿಗೂ ತಲೆಗೆ 40 ಕಿಲೋ ಬಿಟ್ಟಿದ್ದಾರಲ್ಲ ಎಂದು ವಾದಿಸುವವರೂ ಇದ್ದಾರೆ. ಬಿಟ್ಟಿದ್ದಾರೆ. 40 ಕಿಲೋವನ್ನು ಎರಡು ನಿಮಿಷದಲ್ಲಿ ಹತ್ತಿಸಿಕೊಡುತ್ತೇವೆ ಎಂದು ಅವರು ಹೇಳಿಲ್ಲ. ಕಾಲ್ಕಾದಿಂದ ಶಿಮ್ಲಾಕ್ಕೆ 1903ರಲ್ಲಿ ಶುರುವಾದ ಸಣ್ಣ ರೈಲಿದೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 96 ಕಿಲೋಮೀಟರ್, ಸುಮಾರು ಐದು ಗಂಟೆಯ ಪ್ರಯಾಣ. ಹಳಿಯ ಅಗಲ ಬರೀ ಎರಡೂವರೆ ಅಡಿ, ಡಬ್ಬಿಯೂ ಅದಕ್ಕೆ ತಕ್ಕಂತೆ ಕಿರಿದು. ದೊಡ್ಡ ಸೂಟ್‌ಕೇಸಿಗೆ ಅಲ್ಲಿ ಜಾಗವಿಲ್ಲ. ಇಳಿದ ಮೇಲೆ ಮಾಲ್ ರೋಡಿನ ಕಡೆಗೆ ವಾಹನ ಬಿಡುವುದಿಲ್ಲ, ಮೆಟ್ಟಿಲೇ ಮೆಟ್ಟಿಲು. ಗಾಲಿಯ ಸೂಟ್‌ಕೇಸು ಮೆಟ್ಟಿಲಿನಲ್ಲಿ ಗಾಲಿ ಇಲ್ಲದ್ದಕ್ಕಿಂತ ಕಷ್ಟ. ಆ ಗೋಣಿಚೀಲದ ಕುಕ್ಕರ್ ಅಲ್ಲಿ ಯಾರ ಕೈಯಲ್ಲಿರುತ್ತದೆ? ನನಗೆ ಸಿಟ್ಟು ಬರುವುದು ಇಲ್ಲೇ. ಗಂಡಸರ ಕೈಯಲ್ಲಿ ಮೊಬೈಲು, ಮಕ್ಕಳ ಕೈಯಲ್ಲಿ ಮೊಬೈಲು, ಅಮ್ಮನ ಎರಡೂ ಕೈಗೆ ಚೀಲ. ದೂರದಲ್ಲಿ ಕಾಣುವ ಹಿಮದ ಬೆಟ್ಟವನ್ನು ಅವರು ನೋಡುವುದು ಯಾವಾಗ?

ಮನೆ ಮುಚ್ಚುವ ಕೆಲಸವೂ ಕಡೆಗೆ ಅವರ ತಲೆಗೇ ಬೀಳುತ್ತದೆ. ಅದನ್ನು ಹಂಚಿಕೊಳ್ಳಿ. ತೋಟ ಅಪ್ಪನದು. ಮಾರ್ಚಿಯಿಂದ ಮೇವರೆಗೆ ಅಡಿಕೆಗೆ ಮೂರರಿಂದ ಐದು ದಿನಕ್ಕೊಮ್ಮೆ ನೀರು ಬೇಕು, ಬುಡಕ್ಕೆ ಬಿಡುವುದಾದರೆ ಒಂದು ಮರಕ್ಕೆ ಸಲಕ್ಕೆ ಸುಮಾರು 175 ಲೀಟರ್, ಡ್ರಿಪ್ ಆದರೆ ದಿನಕ್ಕೆ 16ರಿಂದ 20. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಲೆಕ್ಕ ಇದು. ಅಂದರೆ ಹತ್ತು ದಿನದಲ್ಲಿ ಎರಡು ಮೂರು ಸಲ ಯಾರಾದರೂ ಬಂದು ನೀರು ಬಿಡಲೇಬೇಕು. ಆಳಿಗೋ ನೆರೆಮನೆಯವರಿಗೋ ಮೊದಲೇ ಹೇಳಿ, ಗೇಟ್‌ವಾಲ್ವ್ ಯಾವುದು ಎಂದು ಕೈಯಲ್ಲಿ ತಿರುಗಿಸಿ ತೋರಿಸಿ. ಟೈಮರ್ ನಂಬುವುದಾದರೆ ಬ್ಯಾಟರಿ ಇರುವುದನ್ನು ಹಾಕಿ. ಮುಳ್ಳಿನ ಟೈಮರಿನಲ್ಲಿ ಕರೆಂಟು ಹೋದಷ್ಟು ಹೊತ್ತು ಗಡಿಯಾರವೂ ನಿಂತು, ನಾಲ್ಕೇ ದಿನಕ್ಕೆ ಹೊತ್ತು ಏರುಪೇರಾಗುತ್ತದೆ. ಬಾವಿ ತಳ ಕಾಣುವ ಕಾಲ ಇದು. ನೀರಿಲ್ಲದೆ ತಿರುಗಿದರೆ ಪಂಪು ಸುಡುತ್ತದೆ, ಸ್ಟಾರ್ಟರಿಗೆ ಡ್ರೈ ರನ್ ರಕ್ಷಣೆ ಇದೆಯೇ ನೋಡಿಕೊಳ್ಳಿ.

ಒಳಗಿನದು ಮಕ್ಕಳದು. ಗ್ಯಾಸಿನ ರೆಗ್ಯುಲೇಟರ್ ಬಂದ್. ಫ್ರಿಜ್ ಮೂರು ದಿನ ಮೊದಲೇ ಖಾಲಿ ಮಾಡುತ್ತ ಬಂದು, ಒರೆಸಿ, ಬಾಗಿಲು ಒಂದು ಗೇಣು ತೆರೆದಿಡಿ. ಮುಚ್ಚಿಟ್ಟರೆ ಒಳಗೆ ಬೂಸಲು ಬರುತ್ತದೆ. ಸಂಜೆಯ ಸಿಡಿಲಿಗೆ ಟಿವಿ, ರೂಟರ್, ಇನ್ವರ್ಟರಿನ ಪ್ಲಗ್ಗನ್ನು ಕಿತ್ತೇ ಇಡಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಅಂಗಳದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಬಕೆಟು ಕವುಚಿ ಹಾಕಿ. ಒಂದು ಮಳೆ ಬಂದರೆ ಅದರಲ್ಲಿ ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ವಾರ ಹತ್ತು ದಿನ ಸಾಕು. ಸರಿಯಾಗಿ ನೀವು ಬರುವ ಹೊತ್ತಿಗೆ.

ಟಿಕೆಟಿನ ವಿಷಯ ಎರಡೇ ಮಾತು. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಹಳೆಯ 120ರ ಲೆಕ್ಕ ಬಿಡಿ. ಅಜ್ಜಿಗೆ ಕೆಳಗಿನ ಬರ್ತ್ ಬೇಕೆಂದರೆ ಮೊದಲ ದಿನವೇ ಮಾಡಿ.

ಹೊರಡುವ ಹಿಂದಿನ ಸಂಜೆ ಎಲ್ಲ ಚೀಲಗಳನ್ನು ಜಗಲಿಗೆ ತಂದಿಡಿ. ಅವರವರು ತಮ್ಮ ಚೀಲ ಬೆನ್ನಿಗೆ ಹಾಕಿಕೊಂಡು ಅಂಗಳಕ್ಕೆ ಮೂರು ಸುತ್ತು ಬಂದು, ತೋಟದ ಮೆಟ್ಟಿಲು ಇಳಿದು ಹತ್ತಲಿ. ಅಜ್ಜಿಯ ಚೀಲ ಮೊಮ್ಮಗ ಹೊರಲಿ, ಅದು ಮೂರು ಕಿಲೋ ಇದ್ದರೆ ಸಾಕು. ಉಬ್ಬಸ ಬಂದವರು ಅಲ್ಲೇ ಚೀಲ ಬಿಚ್ಚಿ ಎರಡು ವಸ್ತು ಹೊರಗೆ ತೆಗೆಯಲಿ. ಸ್ಟೇಷನ್ನಿನಲ್ಲಿ ಕೋಚ್ ನಿಲ್ಲುವ ಬೋರ್ಡಿನ ಕೆಳಗೆ ಹದಿನೈದು ನಿಮಿಷ ಮೊದಲೇ ನಿಲ್ಲಿ. ಗಾಡಿ ನಿಂತ ಕೂಡಲೇ ಒಬ್ಬ ಮಗ ಮೊದಲು ಹತ್ತಿ ಅಜ್ಜಿಗೆ ಕೈ ಕೊಡಲಿ, ಎರಡನೆಯವರು ಅಜ್ಜಿ, ಮೂರನೆಯವರು ಅಮ್ಮ. ಕೊನೆಗೆ ಹತ್ತುವವರು ಅಪ್ಪ.